ರ‍್ಯಾಮ್ ಕೊಳ್ಳುವ ಮೊದಲು, ಕೆಟ್ಟಿದ್ದು ಯಾವುದು ಅಂತ ಗೊತ್ತಾಗಲಿ

ಪ್ರಶ್ನೆ: ದಾವಣಗೆರೆಯ ವಿನೋಬನಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ ಸರ್. ಲಗ್ನಪತ್ರಿಕೆ, ಬಿಲ್ ಬುಕ್, ಆಗಾಗ ಫ್ಲೆಕ್ಸ್ ಡಿಸೈನ್ ಮಾಡ್ತೀನಿ. ಕಂಪ್ಯೂಟರ್ 2014ರದ್ದು. ನಾಲ್ಕನೇ ಜನರೇಶನ್ ಐ3, ಎಚ್81 ಮದರ್‌ಬೋರ್ಡ್, ವಿಂಡೋಸ್ 10. ಮೊದಲು 4 ಜಿಬಿ ರ‍್ಯಾಮ್ ಇತ್ತು, ಆಮೇಲೆ 2 ಜಿಬಿ ಸೇರಿಸಿದ್ವಿ. ಈಗ ಆನ್ ಮಾಡಿದರೆ ಕೆಲವು ಸಲ ಬೀಪ್ ಬೀಪ್ ಅನ್ನುತ್ತೆ, ಸ್ಕ್ರೀನ್ ಬರಲ್ಲ. ಬಂದರೂ ಕೆಲಸದ ನಡುವೆ ನೀಲಿ ಸ್ಕ್ರೀನ್ ಬಂದು ಬಂದ್ ಆಗುತ್ತೆ. ಒಬ್ಬರು ರ‍್ಯಾಮ್ ಹೋಗಿದೆ ಅಂದ್ರು, ಇನ್ನೊಬ್ಬರು ಬೋರ್ಡೇ ಬದಲಾಯಿಸಿ ಅಂದ್ರು. ಆನ್‌ಲೈನ್‌ನಲ್ಲಿ 8 ಜಿಬಿ ರ‍್ಯಾಮ್ ಬಹಳ ಕಡಿಮೆಗೆ ಕಾಣ್ತಿದೆ. ಯಾವುದು ತಗೊಳ್ಳಲಿ? ನಾನೇ ಹಾಕಬಹುದಾ? ಹಳೆಯದರ ಜೊತೆ ಹೊಸದು ಹಾಕಿದರೆ ನಡೆಯುತ್ತಾ?

ಉತ್ತರ: ನಮಸ್ಕಾರ ಮೇಡಂ. ರ‍್ಯಾಮ್ (ಕೆಲಸ ನಡೆಯುವಾಗ ಕಂಪ್ಯೂಟರ್ ಮಾಹಿತಿ ಇಟ್ಟುಕೊಳ್ಳುವ ಮೆಮೊರಿ) ಹಾಕುವ ಕೆಲಸ ನೀವೇ ಮಾಡಬಹುದು, ಖಂಡಿತ. ಕಂಪ್ಯೂಟರ್ ರಿಪೇರಿಯಲ್ಲಿ ಇದಕ್ಕಿಂತ ಸುಲಭದ ಕೆಲಸ ಇಲ್ಲ. ಆದರೆ ಈಗಲೇ ದುಡ್ಡು ತೆಗೆದು ಕೊಡಬೇಡಿ. ನಿಮ್ಮ ಪತ್ರದಲ್ಲಿ ಇಬ್ಬರು ಎರಡು ಥರ ಹೇಳಿದ್ದಾರೆ, ಆದರೆ ಇಬ್ಬರೂ ಪರೀಕ್ಷೆ ಮಾಡಿದ ಹಾಗೆ ಕಾಣಲ್ಲ. ಪರೀಕ್ಷೆ ಮಾಡದೆ ಬೋರ್ಡ್ ಬದಲಾಯಿಸಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗುತ್ತೆ.

ಮೊದಲ ಮಾತು ನಿಮ್ಮ ಫೈಲ್‌ಗಳ ಬಗ್ಗೆ. ರ‍್ಯಾಮ್ ಅನುಮಾನ ಇರುವ ಕಂಪ್ಯೂಟರ್‌ನಲ್ಲಿ ಹೊಸ ಕೆಲಸ ಸೇವ್ ಮಾಡಬೇಡಿ. ಫೈಲ್ ಸೇವ್ ಆಗುವಾಗ ರ‍್ಯಾಮ್ ಮೂಲಕವೇ ಹಾದು ಡಿಸ್ಕ್‌ಗೆ ಹೋಗುತ್ತೆ. ಅಲ್ಲಿ ಒಂದು ಬಿಟ್ ತಪ್ಪಾದರೂ ಕಂಪ್ಯೂಟರ್ ಏನೂ ಹೇಳದೆ ತಪ್ಪನ್ನೇ ಬರೆದಿಡುತ್ತೆ. ಗೊತ್ತಾಗುವುದು ಮುಂದಿನ ವಾರ, ಗಿರಾಕಿ ಎದುರಿಗೆ ಕೂತಾಗ ಕೋರೆಲ್‌ನ (ಡಿಸೈನ್ ಪ್ರೋಗ್ರಾಂ) ಫೈಲ್ ತೆರೆಯದೇ ಹೋದಾಗ. ಪೆನ್‌ಡ್ರೈವ್‌ಗೆ ಕಾಪಿ ಮಾಡುವುದಿದ್ದರೆ ಮಾಡಿ, ಆದರೆ ಕಾಪಿ ಆಯ್ತು ಅಂತ ಮೂಲ ಫೈಲ್ ಅಳಿಸಬೇಡಿ. ಆ ಕಾಪಿಯೂ ಅದೇ ಕೆಟ್ಟ ರ‍್ಯಾಮ್ ದಾಟಿಯೇ ಹೋಗಿರುತ್ತೆ.

ಈಗ ಪರೀಕ್ಷೆ. ಅಂಗಡಿ ರಜೆ ಇರುವ ದಿನ ನೋಡಿಕೊಳ್ಳಿ, ಗಡಿಬಿಡಿ ಬೇಡ. ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ, ಪವರ್ ಕೇಬಲ್ಲನ್ನು ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬಿ) ಪೂರ್ತಿ ಕಿತ್ತು ಹೊರಗಿಡಿ. ಶಟ್‌ಡೌನ್ ಮಾಡಿದರೆ ಸಾಕು ಅಂತ ಬಹಳ ಜನ ಅಂದುಕೊಂಡಿದ್ದಾರೆ, ಸಾಲದು. ಕೇಬಲ್ ಚುಚ್ಚಿದ್ದು ಸ್ವಿಚ್ ಆನ್ ಇರುವವರೆಗೂ ಬೋರ್ಡ್‌ಗೆ 5 ವೋಲ್ಟ್‌ನ ಸ್ಟ್ಯಾಂಡ್‌ಬೈ ಕರೆಂಟ್ ಹೋಗುತ್ತಲೇ ಇರುತ್ತೆ. ಕೆಲವು ಬೋರ್ಡ್‌ಗಳಲ್ಲಿ ಕಂಪ್ಯೂಟರ್ ಆಫ್ ಆದ ಮೇಲೂ ಒಂದು ಸಣ್ಣ ಲೈಟ್ ಉರಿಯುವುದು ಇದೇ ಕಾರಣಕ್ಕೆ. ಆ ಹೊತ್ತಲ್ಲಿ ರ‍್ಯಾಮ್ ಕಿತ್ತರೆ, ಚೆನ್ನಾಗಿದ್ದದ್ದೂ ಸುಡಬಹುದು. ಕೇಬಲ್ ಕಿತ್ತ ಮೇಲೆ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತೆ.

ಇಲ್ಲಿ ನಮ್ಮೂರಿನ ಒಂದು ಮಾತು ಹೇಳಲೇಬೇಕು. ಇಂಟರ್ನೆಟ್‌ನ ವಿಡಿಯೋಗಳಲ್ಲಿ, ಪ್ಲಗ್ ಚುಚ್ಚಿಟ್ಟು ಸ್ವಿಚ್ ಮಾತ್ರ ಆಫ್ ಮಾಡಿ, ಅರ್ತಿಂಗ್ ಸಿಗುತ್ತೆ ಅಂತ ಹೇಳುವವರಿದ್ದಾರೆ. ಅರ್ತಿಂಗ್ ಸರಿ ಇರುವ ಕಡೆ ಅದು ಸರಿಯೇ. ನಮ್ಮಲ್ಲಿ ಎಷ್ಟೋ ಹಳೇ ಮಳಿಗೆಗಳಲ್ಲಿ ಮೂರನೇ ಪಿನ್‌ಗೆ ಸಾಕೆಟ್ ಇರುತ್ತೆ, ಆದರೆ ಅದರ ವೈರ್ ನೆಲದವರೆಗೆ ಹೋಗಿರುವುದೇ ಇಲ್ಲ. ಹೋಗಿದ್ದರೂ ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗಿ ಕೆಲಸಕ್ಕೆ ಬಾರದಂತಾಗಿರುತ್ತೆ. ನಿಮ್ಮ ಕ್ಯಾಬಿನೆಟ್ ಮುಟ್ಟಿದಾಗ ಬೆರಳಿಗೆ ಜುಂ ಅನ್ನುತ್ತಾ ನೋಡಿ. ಜುಂ ಅಂದರೆ ಅರ್ತಿಂಗ್ ಇಲ್ಲ ಅಂತಲೇ ಅರ್ಥ. ಎಸ್‌ಎಂಪಿಎಸ್‌ನ ಫಿಲ್ಟರ್‌ನಿಂದ ಸೋರುವ ಸಣ್ಣ ಕರೆಂಟ್ ಹೋಗಲು ದಾರಿ ಇಲ್ಲದೆ ಕ್ಯಾಬಿನೆಟ್ ಮೇಲೆಯೇ ನಿಂತಿರುತ್ತೆ. ಅದಕ್ಕೇ ನಮ್ಮ ಕಡೆ ಪ್ಲಗ್ ಪೂರ್ತಿ ಕಿತ್ತೇ ಕೈ ಹಾಕಬೇಕು. ಜುಂ ಅನ್ನುತ್ತಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಸರಿ ಮಾಡಿಸಿ. ಗುಂಡಿ ಇದ್ದರೆ ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಿಸುತ್ತಿರಿ. ಹೊಸ ರ‍್ಯಾಮ್ ಬಾಳಿಕೆ ಬರಬೇಕಾದರೆ ಇದೂ ಬೇಕು, ನಿಮ್ಮ ಜೀವಕ್ಕಂತೂ ಬೇಕೇ ಬೇಕು.

ಕ್ಯಾಬಿನೆಟ್ಟನ್ನು ಮೇಜಿನ ಮೇಲೆ ಮಲಗಿಸಿ, ಎಡಗಡೆಯ ತಗಡು ತೆಗೆಯಿರಿ. ಬಣ್ಣವಿಲ್ಲದ ಲೋಹದ ಭಾಗ ಒಂದನ್ನು ಮುಟ್ಟಿ, ಆಮೇಲೆ ರ‍್ಯಾಮ್ ಮುಟ್ಟಿ. ಫೆಬ್ರವರಿಯಿಂದ ಮಳೆ ಬರುವವರೆಗೆ ನಮ್ಮ ಗಾಳಿ ಒಣಗಿರುತ್ತೆ. ಸಿಂಥೆಟಿಕ್ ಸೀರೆ, ನೈಲಾನ್ ಬಟ್ಟೆ ಮೈಗೆ ತಿಕ್ಕಿ ಸ್ಟ್ಯಾಟಿಕ್ ಕೂಡಿಕೊಳ್ಳುತ್ತೆ. ನಮಗೆ ಚುರ್ ಅನ್ನಬೇಕಾದರೆ ಸುಮಾರು 3,000 ವೋಲ್ಟ್ ಬೇಕು, ಚಿಪ್ ಕೆಡಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ನಮಗೆ ಗೊತ್ತೇ ಆಗದೆ ಅದು ಸತ್ತಿರುತ್ತೆ. ಹತ್ತಿ ಬಟ್ಟೆ ಹಾಕಿಕೊಂಡು ಕೂತರೆ ಒಳ್ಳೆಯದು.

ಒಳಗೆ ಧೂಳು ನೋಡಿ ಗಾಬರಿ ಆಗಬೇಡಿ. ರೋಡಿನ ಧೂಳು, ಜೆರಾಕ್ಸ್ ಮಷೀನಿನ ಟೋನರ್ ಪುಡಿ ಎರಡೂ ಸೇರಿ ನಿಮ್ಮಂಥ ಅಂಗಡಿಗಳ ಕಂಪ್ಯೂಟರ್‌ನಲ್ಲಿ ಕಪ್ಪಗೆ ಕೂತಿರುತ್ತೆ. ಒಣಗಿದ ಹೊಸ ಪೇಂಟ್ ಬ್ರಷ್‌ನಿಂದ ಮೆಲ್ಲಗೆ ಗುಡಿಸಿ. ಒದ್ದೆ ಬಟ್ಟೆ ಬೇಡ, ಬಾಯಿಂದ ಊದುವುದೂ ಬೇಡ.

ರ‍್ಯಾಮ್ ಸ್ಲಾಟ್‌ನ ತುದಿಯಲ್ಲಿರುವ ಕ್ಲಿಪ್ಪನ್ನು ಹೊರಕ್ಕೆ ತಳ್ಳಿದರೆ ಸ್ಟಿಕ್ (ರ‍್ಯಾಮ್ ಪಟ್ಟಿ) ತಾನೇ ಮೇಲೆ ಬರುತ್ತೆ. ಎರಡನ್ನೂ ತೆಗೆಯಿರಿ. ಕೆಳ ಅಂಚಿನ ಬಂಗಾರದ ಬಣ್ಣದ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿ. ನಿಮ್ಮ ಬೋರ್ಡ್‌ಗೆ ಹೊಂದುವ ಡಿಡಿಆರ್3 ಅನ್ನುವ ಬಗೆಯ ಸ್ಟಿಕ್‌ನಲ್ಲಿ ಒಂದು ಕಡೆ 120, ಇನ್ನೊಂದು ಕಡೆ 120, ಒಟ್ಟು 240 ಇರುತ್ತವೆ. ಅವು ಮಂಕಾಗಿದ್ದರೆ, ಕಂದು ಕಲೆ ಇದ್ದರೆ, ನಿಮ್ಮ ರೋಗ ಅರ್ಧ ಅಲ್ಲೇ ಸಿಕ್ಕ ಹಾಗೆ. ಬೀಪ್ ಬರುವ ಹಳೇ ಕಂಪ್ಯೂಟರ್‌ಗಳಲ್ಲಿ ಬಹಳಷ್ಟು ಸಲ ರ‍್ಯಾಮ್ ಕೆಟ್ಟಿರಲ್ಲ, ಕಾಂಟ್ಯಾಕ್ಟ್ ಕೆಟ್ಟಿರುತ್ತೆ. ಮಕ್ಕಳ ಬಿಳಿ ಮೆತ್ತನೆ ರಬ್ಬರ್ ತಗೊಂಡು, ಚಿಪ್ ಕಡೆಯಿಂದ ಅಂಚಿನ ಕಡೆಗೆ, ಒಂದೇ ದಿಕ್ಕಿನಲ್ಲಿ ಹಗುರಾಗಿ ಉಜ್ಜಿ. ಬಂಗಾರದ ಲೇಪ ಬಹಳ ತೆಳು, ಜೋರಾಗಿ ತಿಕ್ಕಿದರೆ ಎದ್ದುಹೋಗುತ್ತೆ. ಸ್ಯಾಂಡ್‌ಪೇಪರ್ ಅಂತೂ ಹತ್ತಿರ ತರಬೇಡಿ. ರಬ್ಬರ್ ಪುಡಿ ಒಂದು ಚೂರೂ ಉಳಿಯದ ಹಾಗೆ ಬ್ರಷ್‌ನಿಂದ ಗುಡಿಸಿ. ಐಸೊಪ್ರೊಪೈಲ್ ಆಲ್ಕೋಹಾಲ್ ಸಿಕ್ಕರೆ ರಬ್ಬರ್‌ಗಿಂತ ಅದೇ ಒಳ್ಳೆಯದು.

ಇನ್ನು ಮುಖ್ಯವಾದದ್ದು. 4 ಜಿಬಿ ಸ್ಟಿಕ್ ಒಂದನ್ನೇ ಮೊದಲನೇ ಸ್ಲಾಟ್‌ಗೆ ಹಾಕಿ ಆನ್ ಮಾಡಿ ನೋಡಿ. ಆಫ್ ಮಾಡಿ, ಕೇಬಲ್ ಕಿತ್ತು, ಅದನ್ನೇ ಎರಡನೇ ಸ್ಲಾಟ್‌ಗೆ ಹಾಕಿ ನೋಡಿ. ಆಮೇಲೆ 2 ಜಿಬಿಯನ್ನೂ ಹೀಗೇ ಎರಡೂ ಸ್ಲಾಟ್‌ನಲ್ಲಿ ನೋಡಿ. ಒಟ್ಟು ನಾಲ್ಕು ಪರೀಕ್ಷೆ, ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಒಂದು ಸ್ಟಿಕ್ ಎರಡೂ ಸ್ಲಾಟ್‌ನಲ್ಲಿ ಬೀಪ್ ಕೊಟ್ಟರೆ ಆ ಸ್ಟಿಕ್ ಹೋಗಿದೆ. ಎರಡೂ ಸ್ಟಿಕ್ ಒಂದೇ ಸ್ಲಾಟ್‌ನಲ್ಲಿ ಬೀಪ್ ಕೊಟ್ಟು, ಇನ್ನೊಂದರಲ್ಲಿ ಸರಿಯಾಗಿ ನಡೆದರೆ ಸ್ಲಾಟ್ ಹೋಗಿದೆ, ರ‍್ಯಾಮ್ ಸರಿ ಇದೆ. ನಾಲ್ಕೂ ಸಲ ಚೆನ್ನಾಗಿ ಆನ್ ಆದರೆ ಕಾಂಟ್ಯಾಕ್ಟ್ ತೊಂದರೆಯೇ ಇದ್ದಿರಬಹುದು, ಈಗ ಹೋಗಿದೆ. ಸ್ಲಾಟ್ ಹೋಗಿದ್ದರೂ ಬೋರ್ಡ್ ಬದಲಾಯಿಸಬೇಕಿಲ್ಲ. ಇನ್ನೊಂದು ಸ್ಲಾಟ್‌ಗೆ 8 ಜಿಬಿಯ ಒಂದೇ ಸ್ಟಿಕ್ ಹಾಕಿ ಕೆಲಸ ಸಾಗಿಸಬಹುದು.

ಆನ್ ಆಯ್ತು ಅಂದ ಮಾತ್ರಕ್ಕೆ ಸ್ಟಿಕ್ ಚೆನ್ನಾಗಿದೆ ಅಂತಲ್ಲ. ನೀಲಿ ಸ್ಕ್ರೀನ್ ಬರುತ್ತಿದೆ ಅಂದಿರಲ್ಲ, ಅದಕ್ಕೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಂ ಓಡಿಸಲೇಬೇಕು. ಅದು ಉಚಿತವಾಗಿ ಸಿಗುತ್ತೆ. ಬೇರೆ ಕಂಪ್ಯೂಟರ್‌ನಲ್ಲಿ ಪೆನ್‌ಡ್ರೈವ್‌ಗೆ ಹಾಕಿಕೊಂಡು, ಅದರಿಂದಲೇ ನಿಮ್ಮದನ್ನು ಬೂಟ್ ಮಾಡಿ. ಪೆನ್‌ಡ್ರೈವ್ ಖಾಲಿ ಇರಲಿ, ಅದರಲ್ಲಿದ್ದದ್ದೆಲ್ಲ ಅಳಿಸಿ ಹೋಗುತ್ತೆ. ರಾತ್ರಿ ಅಂಗಡಿ ಮುಚ್ಚುವಾಗ ಶುರು ಮಾಡಿದರೆ ಬೆಳಿಗ್ಗೆ ಹೊತ್ತಿಗೆ ನಾಲ್ಕು ಸುತ್ತು ಮುಗಿದಿರುತ್ತೆ. ಯುಪಿಎಸ್ ಮೇಲೆ ಓಡಿಸಿ, ಒಂದು ಗಳಿಗೆ ಕರೆಂಟ್ ಹೋಗಿ ಬಂದರೂ ಮೊದಲಿಂದ ಶುರು ಮಾಡಬೇಕಾಗುತ್ತೆ. ಒಂದೇ ಒಂದು ಎರರ್ ಬಂದರೂ ಆ ಸ್ಟಿಕ್ ಬೇಡ. ಒಂದೇ ತಾನೇ ಅಂತ ಬಿಡಬೇಡಿ, ಆ ಒಂದೇ ನಿಮ್ಮ ಫೈಲ್ ಹಾಳು ಮಾಡುವುದು. ಎರಡೂ ಸ್ಟಿಕ್ ಪಾಸಾಗಿ ಆಮೇಲೂ ನೀಲಿ ಸ್ಕ್ರೀನ್ ಬಂದರೆ ಎಸ್‌ಎಂಪಿಎಸ್, ಹಾರ್ಡ್‌ಡಿಸ್ಕ್, ಬೋರ್ಡ್ ಮೇಲಿನ ಉಬ್ಬಿದ ಕೆಪ್ಯಾಸಿಟರ್ ಇವುಗಳನ್ನು ನೋಡಿಸಿ. ರ‍್ಯಾಮ್‌ಗೆ ಖರ್ಚು ಮಾಡಿ ಪ್ರಯೋಜನ ಇಲ್ಲ.

ಸರಿ, ಸ್ಟಿಕ್ ಹೋಗಿದೆ ಅಂತ ಗೊತ್ತಾಯ್ತು ಅಂದುಕೊಳ್ಳೋಣ. ಯಾವುದು ತರಬೇಕು? ಇದನ್ನು ತೀರ್ಮಾನಿಸುವುದು ನಿಮ್ಮ ಬೋರ್ಡ್. ಎಚ್81ಗೆ ಡಿಡಿಆರ್3 ಮಾತ್ರ. ಎರಡು ಸ್ಲಾಟ್, ಒಂದಕ್ಕೆ ಹೆಚ್ಚೆಂದರೆ 8 ಜಿಬಿ, ಒಟ್ಟು 16 ಜಿಬಿ. ವೇಗ 1333 ಅಥವಾ 1600. ಡಿಡಿಆರ್4 ತಂದರೆ ಅದು ಕೂರುವುದೇ ಇಲ್ಲ. ಅದಕ್ಕೆ 288 ಪಿನ್, ಅಂಚಿನಲ್ಲಿರುವ ಗೀರಿನ (ಕತ್ತರಿಸಿದ ಸಣ್ಣ ಸಂದು) ಜಾಗವೂ ಬೇರೆ. ಡಿಡಿಆರ್5ಗೂ 288 ಪಿನ್ನೇ, ಆದರೆ ಗೀರು ಮತ್ತೆ ಬೇರೆ ಕಡೆ. ಲ್ಯಾಪ್‌ಟಾಪ್ ರ‍್ಯಾಮ್ ಉದ್ದದಲ್ಲಿ ಅರ್ಧದಷ್ಟೇ ಇರುತ್ತೆ, ಅದೂ ಆಗಲ್ಲ. ಡಿಡಿಆರ್3ಎಲ್ ಅಂತ ಸಿಕ್ಕರೆ ತಗೊಳ್ಳಬಹುದು. ಅದು 1.35 ವೋಲ್ಟ್‌ನಲ್ಲೂ ನಡೆಯುತ್ತೆ, ನಿಮ್ಮ ಬೋರ್ಡ್ ಕೊಡುವ 1.5 ವೋಲ್ಟ್‌ನಲ್ಲೂ ನಡೆಯುತ್ತೆ.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ಇಂಟೆಲ್ 12, 13, 14ನೇ ಜನರೇಶನ್‌ನಲ್ಲಿ ಕೆಲವು ಬೋರ್ಡ್ ಡಿಡಿಆರ್4, ಕೆಲವು ಡಿಡಿಆರ್5. ಪ್ರೊಸೆಸರ್ ಹೆಸರು ಹೇಳಿ ರ‍್ಯಾಮ್ ಕೇಳಿದರೆ ತಪ್ಪು ಸಿಗಬಹುದು, ಬೋರ್ಡ್‌ನ ಪೂರ್ತಿ ಮಾಡೆಲ್ ಹೇಳಿ. ಎಎಂಡಿಯ ಎಎಂ4 ಸಾಕೆಟ್‌ನ ಬೋರ್ಡ್ ಆದರೆ ಡಿಡಿಆರ್4, ಎಎಂ5 ಆದರೆ ಡಿಡಿಆರ್5 ಮಾತ್ರ. ಮಾಡೆಲ್ ಗೊತ್ತಿಲ್ಲದಿದ್ದರೆ ಸಿಪಿಯು-ಝಡ್ ಅನ್ನುವ ಉಚಿತ ಪ್ರೋಗ್ರಾಂ ಹಾಕಿ, ಬೋರ್ಡ್ ಹೆಸರೂ ತೋರಿಸುತ್ತೆ, ಯಾವ ಸ್ಲಾಟ್‌ನಲ್ಲಿ ಯಾವ ಸ್ಟಿಕ್ ಇದೆ ಅಂತಲೂ ತೋರಿಸುತ್ತೆ. ಅದರಲ್ಲಿ 1600ರ ರ‍್ಯಾಮ್‌ಗೆ 800 ಮೆಗಾಹರ್ಟ್ಸ್ ಅಂತ ಕಂಡರೆ ಅಂಗಡಿಯವರು ಮೋಸ ಮಾಡಿದರು ಅಂದುಕೊಳ್ಳಬೇಡಿ. ಡಿಡಿಆರ್ ಒಂದು ಕ್ಲಾಕ್‌ಗೆ ಎರಡು ಸಲ ಡೇಟಾ ಕಳಿಸುತ್ತೆ, 800ರ ಎರಡರಷ್ಟೇ 1600.

ಈಗ ಆ ಅಗ್ಗದ 8 ಜಿಬಿ ವಿಷಯ. ಆನ್‌ಲೈನ್‌ನಲ್ಲಿ ಡಿಡಿಆರ್3 ಬಹಳ ಕಡಿಮೆಗೆ ಕಂಡರೆ ಎರಡು ಅನುಮಾನ ಇಟ್ಟುಕೊಳ್ಳಿ. ಒಂದು, ಎಎಂಡಿ ಬೋರ್ಡ್‌ಗೆ ಮಾತ್ರ ಅಂತ ಮೂಲೆಯಲ್ಲಿ ಸಣ್ಣಗೆ ಬರೆದಿರುತ್ತೆ. ಅದರ ಚಿಪ್ ಜೋಡಣೆ ಬೇರೆ, ನಿಮ್ಮ ಇಂಟೆಲ್ ಬೋರ್ಡ್‌ನಲ್ಲಿ ಅದು ನಡೆಯಲ್ಲ. ಎರಡು, ಸರ್ವರ್‌ನಿಂದ ತೆಗೆದ ರ‍್ಯಾಮ್. ಸ್ಲಾಟ್‌ನಲ್ಲಿ ಚೆನ್ನಾಗಿಯೇ ಕೂರುತ್ತೆ, ಆದರೆ ಕಂಪ್ಯೂಟರ್ ಆನ್ ಆಗಲ್ಲ.

ಇದನ್ನು ತಿಳಿಯುವುದು ಲೇಬಲ್‌ನಲ್ಲಿ. ಒಂದು ಒಳ್ಳೆ ಸ್ಟಿಕ್‌ನ ಸ್ಟಿಕ್ಕರ್ ಮೇಲೆ ಹೀಗೆ ಇರುತ್ತೆ: 4 ಜಿಬಿ, 1ಆರ್‌ಎಕ್ಸ್8, ಪಿಸಿ3-12800ಯು. ಮೊದಲನೆಯದು ಸೈಜು. 1ಆರ್ ಅಂದರೆ ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಒಂದು ಗುಂಪು, ಅಂದರೆ ಒಂದು ರ‍್ಯಾಂಕ್, ಎಕ್ಸ್8 ಅಂದರೆ ಪ್ರತಿ ಚಿಪ್ 8 ಬಿಟ್ ಕೊಡುತ್ತೆ. ಇಂಥ 8 ಚಿಪ್ ಸೇರಿ 64 ಬಿಟ್ ಆಗುತ್ತೆ. ಪಿಸಿ3 ಅಂದರೆ ಡಿಡಿಆರ್3. 12800 ಅಂದರೆ ಸೆಕೆಂಡಿಗೆ 12,800 ಎಂಬಿ ಸಾಗಿಸುವ ಶಕ್ತಿ: 1600ನ್ನು 8 ಬೈಟ್‌ನಿಂದ ಗುಣಿಸಿ, ಅಷ್ಟೇ ಬರುತ್ತೆ. 10600 ಅಂತ ಇದ್ದರೆ ಅದು 1333ರದ್ದು. ಕೊನೆಯ ಯು ಅಕ್ಷರವನ್ನು ಕಣ್ಣಿಟ್ಟು ನೋಡಿ. ಯು ಇದ್ದರೆ ಸಾಮಾನ್ಯ ಡೆಸ್ಕ್‌ಟಾಪ್ ರ‍್ಯಾಮ್. ಆ ಜಾಗದಲ್ಲಿ ಆರ್ ಇದ್ದರೆ ಸರ್ವರ್ ರ‍್ಯಾಮ್, ಮುಟ್ಟಬೇಡಿ. ಇ ಇದ್ದರೆ ಇಸಿಸಿ, ತಪ್ಪು ತಾನೇ ತಿದ್ದಿಕೊಳ್ಳುವ ಬಗೆ, ಅದೂ ನಿಮಗೆ ಬೇಡ. ಆನ್‌ಲೈನ್‌ನಲ್ಲಿ ಲೇಬಲ್ ಫೋಟೊ ಸ್ಪಷ್ಟವಾಗಿ ಹಾಕದವರ ಹತ್ತಿರ ಕೊಳ್ಳಲೇಬೇಡಿ.

ನಾನಾದರೆ ಊರಲ್ಲೇ ಬಿಲ್ ಕೊಡುವ ಅಂಗಡಿಯಲ್ಲಿ ತಗೊಳ್ಳುತ್ತೇನೆ. ಕ್ಯಾಬಿನೆಟ್ ಸಮೇತ ಹೋಗಿ, ಅಲ್ಲೇ ಹಾಕಿಸಿ, ಆನ್ ಆಗಿದ್ದು ನೋಡಿ ದುಡ್ಡು ಕೊಡಬಹುದು. ಸರಿಬರದಿದ್ದರೆ ಮರುದಿನ ಹೋಗಿ ಕೇಳಬಹುದು. ಈಗ ಡಿಡಿಆರ್3 ಹೊಸದು ಸಿಗುವುದು ಕಡಿಮೆ, ಬಹಳಷ್ಟು ಹಳೇ ಕಂಪ್ಯೂಟರ್‌ನಿಂದ ತೆಗೆದಿದ್ದು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್‌ನಿಂದ ತರಿಸಿದರೂ ಇದೇ ಮಾತು. ಹಳೆಯದು ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಆದರೆ ಹಳೆಯದು ಅಂತ ಹೇಳಿಯೇ ಮಾರಲಿ, ಬದಲಾಯಿಸಿ ಕೊಡುವ ಅವಧಿ ಎಷ್ಟು ದಿನ ಅಂತ ಬಿಲ್ ಮೇಲೆ ಬರೆಸಿಕೊಳ್ಳಿ. ಸ್ಟಿಕ್ಕರ್ ಮಾತ್ರ ಕೀಳಬೇಡಿ, ಕಿತ್ತರೆ ವಾರಂಟಿ ಹೋಗುತ್ತೆ.

ಬ್ರ್ಯಾಂಡ್ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೆಮೊರಿ ಚಿಪ್ ದೊಡ್ಡ ಮಟ್ಟದಲ್ಲಿ ಮಾಡುವವರು ಮುಖ್ಯವಾಗಿ ಮೂವರು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಕಿಂಗ್‌ಸ್ಟನ್, ಕೋರ್ಸೇರ್, ಅಡಾಟಾದಂಥ ಕಂಪನಿಗಳು ಚಿಪ್ ಕೊಂಡು ಸ್ಟಿಕ್ ಮಾಡುತ್ತವೆ. ಎಐ ಡೇಟಾ ಸೆಂಟರ್‌ಗಳಿಗೆ ಚಿಪ್ ಜಾಸ್ತಿ ಹೋಗತೊಡಗಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ದರ ಜೋರಾಗಿ ಏರಿತು. ಆ ವರ್ಷದ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಬ್ರ್ಯಾಂಡ್‌ನ ಗ್ರಾಹಕ ವ್ಯಾಪಾರ ನಿಲ್ಲಿಸುವುದಾಗಿಯೂ ಹೇಳಿತು. ದರ ಏರಿದಾಗ ನಕಲಿ ಮಾಲು ಬರುವುದೂ ಜಾಸ್ತಿ, ಅದಕ್ಕೇ ಬಿಲ್ ಮೇಲೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಎಷ್ಟು ಜಿಬಿ ಬೇಕು? ನಿಮ್ಮ ಕೆಲಸದ ಲೆಕ್ಕವೇ ಹಾಕೋಣ. ಲಗ್ನಪತ್ರಿಕೆ, ಬಿಲ್ ಬುಕ್‌ಗೆ ಕೋರೆಲ್, ಕನ್ನಡ ಟೈಪಿಂಗ್‌ನ ನುಡಿ ಇದ್ದರೆ 8 ಜಿಬಿ ಧಾರಾಳ. ಫ್ಲೆಕ್ಸ್ ಹಾಗಲ್ಲ. 10 ಅಡಿ ಅಗಲ, 6 ಅಡಿ ಎತ್ತರದ ಫ್ಲೆಕ್ಸನ್ನು ಫೋಟೊಶಾಪ್‌ನಲ್ಲಿ 72 ರೆಸಲ್ಯೂಶನ್‌ಗೆ (ಇಂಚಿಗೆ 72 ಪಿಕ್ಸೆಲ್) ಇಟ್ಟರೂ 8,640ಕ್ಕೆ 5,184 ಪಿಕ್ಸೆಲ್ ಆಗುತ್ತೆ, ಹೆಚ್ಚುಕಡಿಮೆ ನಾಲ್ಕೂವರೆ ಕೋಟಿ. ಪ್ರಿಂಟಿಂಗ್‌ನ ನಾಲ್ಕು ಬಣ್ಣದ ಸಿಎಂವೈಕೆಯಲ್ಲಿ ಪಿಕ್ಸೆಲ್‌ಗೆ 4 ಬೈಟ್. ಪೂರ್ತಿ ತುಂಬಿದ ಒಂದು ಲೇಯರ್‌ಗೇ ಸುಮಾರು 180 ಎಂಬಿ ಬೇಕು. ನಾಯಕರ ಫೋಟೊ, ಹಿಂದಿನ ಬಣ್ಣ, ಹೂವಿನ ಹಾರ ಅಂತ ಹತ್ತು ಲೇಯರ್ ಆದರೆ 1.8 ಜಿಬಿ ಮುಟ್ಟಬಹುದು. ಅನ್‌ಡೂ ಲೆಕ್ಕ ಬೇರೆ. ಅದನ್ನೇ 150ಕ್ಕೆ ಇಟ್ಟರೆ ನಾಲ್ಕು ಪಟ್ಟಿಗಿಂತ ಜಾಸ್ತಿ. ದೂರದಿಂದ ನೋಡುವ ಫ್ಲೆಕ್ಸ್‌ಗೆ 72 ಸಾಕು, ಸುಮ್ನೆ ಜಾಸ್ತಿ ಇಡಬೇಡಿ. ಅಷ್ಟು ಮಾಡಿದರೆ ನಿಮಗೂ 8 ಜಿಬಿಯಲ್ಲೇ ಕೆಲಸ ಆಗುತ್ತೆ.

ಹಾಗಾಗಿ ನನ್ನ ಸಲಹೆ: 4 ಜಿಬಿಯ ಎರಡು, ಒಂದೇ ಕಂಪನಿ, ಒಂದೇ ವೇಗ. ಜೋಡಿ ಹಾಕಿದರೆ ಎರಡೂ ಒಟ್ಟಿಗೆ ಕೆಲಸ ಮಾಡಿ, ಸಾಗಿಸುವ ದಾರಿ 64 ಬಿಟ್‌ನಿಂದ 128 ಬಿಟ್ ಆಗುತ್ತೆ. ನಿಮಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಐ3ಯೊಳಗಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಬಳಸುವುದರಿಂದ ಅದಕ್ಕೂ ಲಾಭ. ಹಳೇ 4 ಜಿಬಿ ಮೆಮ್‌ಟೆಸ್ಟ್ ಪಾಸಾದರೆ ಅದರ ಲೇಬಲ್‌ಗೆ ಹೊಂದುವ ಇನ್ನೊಂದು 4 ಜಿಬಿ ಸಾಕು, ಅರ್ಧ ದುಡ್ಡು ಉಳಿಯುತ್ತೆ. ಹೊಸದು, ಹಳೆಯದು ಸೇರಿಸಿದರೆ ನಡೆಯುತ್ತೆ, ಆದರೆ ನಿಧಾನದ್ದು ಯಾವುದೋ ಅದರ ವೇಗಕ್ಕೆ ಎರಡೂ ಇಳಿಯುತ್ತವೆ. 1600ರ ಜೊತೆ 1333 ಹಾಕಿದರೆ ಎರಡೂ 1333. ಅದು ದೊಡ್ಡ ನಷ್ಟ ಅಲ್ಲ.

16 ಜಿಬಿಗೆ ಹೋಗಬೇಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ, ಕೆಲವನ್ನು ಬಿಟ್ಟರೆ, 8ನೇ ಜನರೇಶನ್‌ನಿಂದ ಮೇಲಿನ ಇಂಟೆಲ್‌ಗೆ ಮಾತ್ರ. ಮುಂದೆ ಹೊಸ ಕಂಪ್ಯೂಟರ್ ತಗೊಂಡಾಗ ಈ ಡಿಡಿಆರ್3 ಅದರಲ್ಲಿ ಕೂರಲ್ಲ. ಕೈಯಲ್ಲಿ ಇನ್ನೂ ದುಡ್ಡು ಇದ್ದರೆ, ಹಾರ್ಡ್‌ಡಿಸ್ಕ್ ಇನ್ನೂ ಹಳೆಯದೇ ಇದ್ದರೆ, ಅದಕ್ಕಿಂತ ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿ. ರ‍್ಯಾಮ್ ತುಂಬಿದಾಗ ವಿಂಡೋಸ್ ಡಿಸ್ಕನ್ನೇ ರ‍್ಯಾಮ್ ಥರ ಬಳಸುತ್ತೆ, ಆಗ ಹಾರ್ಡ್‌ಡಿಸ್ಕ್ ಇದ್ದರೆ ಕೂತು ಕಾಯಬೇಕಾಗುತ್ತೆ.

ವಿಂಡೋಸ್ 32 ಬಿಟ್ ಅಲ್ಲ ತಾನೇ? ಸಿಸ್ಟಂ ಮಾಹಿತಿಯಲ್ಲಿ ನೋಡಿ. ಆಗಿದ್ದರೆ 4 ಜಿಬಿಗಿಂತ ಜಾಸ್ತಿ ಹಾಕಿದ್ದೆಲ್ಲ ವ್ಯರ್ಥ.

ಹಾಕುವ ಕೆಲಸ ಎರಡು ನಿಮಿಷದ್ದು. ಕ್ಲಿಪ್ ತೆರೆಯಿರಿ. ನಿಮ್ಮ ಬೋರ್ಡ್‌ನಲ್ಲಿ ಒಂದೇ ಕಡೆ ಕ್ಲಿಪ್ ಇರಬಹುದು, ಆಗ ಕ್ಲಿಪ್ ಇಲ್ಲದ ತುದಿಯನ್ನು ಮೊದಲು ಕೂರಿಸಿ. ಸ್ಟಿಕ್‌ನ ಅಂಚಿನಲ್ಲಿರುವ ಗೀರು ಸರಿಯಾಗಿ ನಡುವೆ ಇರಲ್ಲ, ಒಂದು ಕಡೆಗೆ ಸರಿದಿರುತ್ತೆ. ಸ್ಲಾಟ್ ಒಳಗಿನ ಸಣ್ಣ ಉಬ್ಬಿಗೆ ಅದನ್ನು ಹೊಂದಿಸಿ. ಹೊಂದದಿದ್ದರೆ ತಿರುಗಿಸಿ ನೋಡಿ, ಬಲವಂತ ಬೇಡ. ಹೊಂದಿದ ಮೇಲೆ ಎರಡೂ ತುದಿಯ ಮೇಲೆ ಹೆಬ್ಬೆರಳಿಟ್ಟು ನೇರ ಕೆಳಕ್ಕೆ ಒತ್ತಿ. ಮೊದಲ ಸಲ ಹಾಕುವವರಿಗೆ ಇಷ್ಟು ಬಲ ಬೇಕಾ ಅಂತ ಹೆದರಿಕೆ ಆಗುತ್ತೆ. ಬೇಕು. ಟಕ್ ಅನ್ನಬೇಕು, ಕ್ಲಿಪ್ ತಾನೇ ಮೇಲೆ ಬಂದು ಹಿಡಿಯಬೇಕು. ಬೆರಳಿಂದ ಕ್ಲಿಪ್ ಮುಚ್ಚಿ ಕೂತಿತು ಅಂದುಕೊಂಡರೆ ಆಗಲ್ಲ, ಹಾಗೆ ಅರ್ಧ ಕೂತ ರ‍್ಯಾಮ್‌ನಿಂದಲೇ ಮತ್ತೆ ಬೀಪ್ ಬರುವುದು. ಪಕ್ಕದಿಂದ ಕಣ್ಣಿಟ್ಟು ನೋಡಿದರೆ ಬಂಗಾರದ ಗೆರೆ ಎರಡೂ ತುದಿಯಲ್ಲಿ ಒಂದೇ ಸಮ ಇರಬೇಕು.

ಹಾಗೇ ಬೋರ್ಡ್ ಮೇಲಿನ, ನಾಣ್ಯದ ಆಕಾರದ ಸಿಆರ್2032 ಸೆಲ್ ಕೂಡ ಬದಲಾಯಿಸಿಬಿಡಿ. 2014ರ ಕಂಪ್ಯೂಟರ್‌ನಲ್ಲಿ ಅದು ಸೋತಿರುತ್ತೆ. ದಿನಾಂಕ, ಸಮಯ ಒಮ್ಮೆ ಸರಿಪಡಿಸಬೇಕಾಗುತ್ತೆ, ಬಯಾಸ್‌ನಲ್ಲಿ (ಬೋರ್ಡ್‌ನ ಮೂಲ ಸೆಟ್ಟಿಂಗ್) ಏನಾದರೂ ಬದಲಾಯಿಸಿದ್ದರೆ ಅದೂ ಹೋಗಿರಬಹುದು.

ತಗಡು ಮುಚ್ಚುವ ಮೊದಲೇ ಆನ್ ಮಾಡಿ. ಮೊದಲ ಸಲ ಸ್ವಲ್ಪ ತಡ ಆಗಬಹುದು, ಒಂದೆರಡು ಸಲ ತಾನೇ ಆಫ್ ಆಗಿ ಆನ್ ಆಗಬಹುದು. ಬೋರ್ಡ್ ಹೊಸ ರ‍್ಯಾಮನ್ನು ಗುರುತಿಸುತ್ತಿರುತ್ತೆ, ತಾಳ್ಮೆ ಇರಲಿ. ವಿಂಡೋಸ್ ಬಂದ ಮೇಲೆ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ 8 ಜಿಬಿ, ಎರಡೂ ಸ್ಲಾಟ್ ಬಳಕೆ, ವೇಗ 1600 (ಒಂದು ಸ್ಟಿಕ್ 1333 ಆಗಿದ್ದರೆ 1333) ಅಂತ ಇದೆಯಾ ನೋಡಿ. ಅದರಲ್ಲಿ ಸ್ವಲ್ಪ ಭಾಗ ಹಾರ್ಡ್‌ವೇರ್‌ಗೆ ಮೀಸಲು ಅಂತ ಕಾಣುತ್ತೆ, ಅದು ಗ್ರಾಫಿಕ್ಸ್ ತಗೊಂಡಿದ್ದು, ಚಿಂತೆ ಬೇಡ. 4 ಮಾತ್ರ ತೋರಿಸಿದರೆ ಕೇಬಲ್ ಕಿತ್ತು ಎರಡನ್ನೂ ಮತ್ತೊಮ್ಮೆ ಕೂರಿಸಿ.

ಆಮೇಲೆ ಹೊಸ ಜೋಡಿಗೂ ಮೆಮ್‌ಟೆಸ್ಟ್ ಒಂದು ರಾತ್ರಿ ಓಡಿಸಿ. ಅದನ್ನು ತಂದ ವಾರದಲ್ಲೇ, ಬಿಲ್ ಮೇಲೆ ಬರೆದ ಅವಧಿ ಮುಗಿಯುವ ಮೊದಲೇ ಮಾಡಿ. ಕೆಟ್ಟ ಸ್ಟಿಕ್ ಮೇಲೆ ಮಾರ್ಕರ್‌ನಿಂದ ಅಡ್ಡಗೆರೆ ಎಳೆದಿಡಿ, ಇಲ್ಲದಿದ್ದರೆ ಯಾರೋ ತಿಳಿಯದೆ ಮತ್ತೆ ಹಾಕುತ್ತಾರೆ. ಹಳೇ 2 ಜಿಬಿ ಚೆನ್ನಾಗಿದ್ದರೆ ಒಂದು ಕಾಗದದ ಕವರ್‌ನಲ್ಲಿ ಸುತ್ತಿ ಎತ್ತಿಡಿ. ಮುಂದೆ ಯಾವಾಗಲಾದರೂ ಬೀಪ್ ಬಂದರೆ ಪರೀಕ್ಷೆಗೆ ಬೇಕಾಗುತ್ತೆ.